ಹಳೆಯ ಸಿಜೆ-3ಬಿ ಜೀಪಿಗೆ ಭಾರಿ ಆಕ್ಸಲ್ ಕೂರಿಸುವುದು ಸೂಕ್ತವೇ?

ಕೋಥ್ರೂಡ್ ಜೀಪು, ಪುಣೆ:

ಎಲ್ಲರಿಗೂ ನಮಸ್ಕಾರ. ತಂದೆಯವರಿಂದ ನನಗೆ ಬಂದಿರುವ 1962ರ ಮಹೀಂದ್ರಾ ಸಿಜೆ-3ಬಿ ಜೀಪಿನ ವಿಷಯದಲ್ಲಿ ಅನುಭವಿಗಳ ಸಲಹೆ ಕೇಳುತ್ತಿದ್ದೇನೆ. ಮೂಲದ ಹರಿಕೇನ್ ಪೆಟ್ರೋಲ್ ಎಂಜಿನ್, ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಬಲವನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಡಾನಾ 18 ಟ್ರಾನ್ಸ್‌ಫರ್ ಕೇಸ್, ಹಿಂದೆ ಡಾನಾ 44 ಮತ್ತು ಮುಂದೆ ಡಾನಾ 25 ಆಕ್ಸಲ್ (ಡಾನಾ ಎಂಬುದು ತಯಾರಕರ ಹೆಸರು, ಸಂಖ್ಯೆ ಮಾದರಿಯದು) ಇವೆಲ್ಲವೂ ಹಾಗೆಯೇ ಉಳಿದಿವೆ. ಮೊದಲಿದ್ದ 6.00-16 ಅಳತೆಯ ಟಯರ್‌ಗಳ ಬದಲು 31 ಇಂಚಿನವನ್ನು ಹಾಕಿಸಿದ್ದೇನೆ.

ಕಳೆದ ಮಳೆಗಾಲದಲ್ಲಿ ಮಾವಳ ಭಾಗದ ಒಂದು ಕಚ್ಚಾ ಏರಿನಲ್ಲಿ ಹಿಂದಿನ ಎಡಗಾಲಿಯ ಹಬ್ (ಗಾಲಿಯ ನಡುಭಾಗ) ಒಳಗೆ ಅದನ್ನು ಶಾಫ್ಟಿಗೆ ಕೂಡಿಸುವ ಕೀ ಎಂಬ ಲೋಹದ ಚೂರು ತುಂಡಾಗಿ, ಶಾಫ್ಟ್ ತಿರುಗುತ್ತಿದ್ದರೂ ಗಾಲಿ ನಿಂತೇ ಇತ್ತು. ಬಿಚ್ಚಿ ನೋಡಿದಾಗ ಶಾಫ್ಟಿನಲ್ಲಿ ಕೀ ಕೂರುವ ತೋಡಿನ ಅಂಚೂ ಸವೆದಿತ್ತು. ಇಡೀ ಆಕ್ಸಲನ್ನೇ ತೆಗೆದು, ಗುಜರಿಯಲ್ಲಿ ಸಿಗುವ ಡಾನಾ 60 ದರ್ಜೆಯ ದೊಡ್ಡ ಆಕ್ಸಲನ್ನು ಕತ್ತರಿಸಿ ಕೂರಿಸೋಣ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಅಷ್ಟು ದೂರ ಹೋಗುವ ಅಗತ್ಯವಿದೆಯೇ? ಹಿಂದಿನದನ್ನು ಮಾತ್ರ ಬದಲಿಸಿದರೆ ಸಾಕೇ? ನೋಂದಣಿಗೆ ಏನಾದರೂ ತೊಡಕಾಗುತ್ತದೆಯೇ?

ಕುರ್ಲಾ ಲೇತ್, ಮುಂಬಯಿ:

ನಿಮ್ಮ ಆಕ್ಸಲಿನಲ್ಲಿ ಸೋತಿರುವುದು ಯಾವ ಭಾಗ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕು. ಕ್ರೌನ್ ಮತ್ತು ಪಿನಿಯನ್ (ಆಕ್ಸಲಿನ ಒಳಗಿನ ದೊಡ್ಡ ಮತ್ತು ಚಿಕ್ಕ ಗೇರುಗಳು) ಒಡೆದಿಲ್ಲ, ಹೌಸಿಂಗ್ (ಹೊರಕವಚ) ಬಾಗಿಲ್ಲ, ಶಾಫ್ಟಿನ ಒಳತುದಿಯ ಹಲ್ಲುಗಳೂ ಸರಿಯಾಗಿವೆ ಎಂದಾದರೆ, ಸೋತಿರುವುದು ಹಬ್ ಕೂರುವ ಹೊರತುದಿ ಮಾತ್ರ. ಆ ಕಾಲದ ಡಾನಾ 44ರಲ್ಲಿ ಶಾಫ್ಟಿನ ತುದಿ ಶಂಕುವಿನಂತೆ ಕಿರಿದಾಗುತ್ತದೆ. ಹಬ್ಬನ್ನು ಅದರ ಮೇಲೆ ನಟ್ಟಿನಿಂದ ಎಳೆದು ಕೂರಿಸುತ್ತಾರೆ. ಗಾಲಿ ತಿರುಗಬೇಕಾದದ್ದು ಆ ಎರಡು ಮೇಲ್ಮೈಗಳ ಬಿಗಿ ಹಿಡಿತದಿಂದ. ಕೀ ಇರುವುದು ಆಧಾರಕ್ಕೆ ಮಾತ್ರ. ನಟ್ಟು ಸ್ವಲ್ಪ ಸಡಿಲವಾದರೂ ಎಲ್ಲ ಹೊರೆ ಕೀ ಮೇಲೆ ಬೀಳುತ್ತದೆ, ಕೀ ತನ್ನ ತೋಡನ್ನು ಕೊರೆಯುತ್ತದೆ, ಆ ತೋಡಿನ ಮೂಲೆಯಿಂದಲೇ ಬಿರುಕು ಹುಟ್ಟುತ್ತದೆ.

ಈ ಬಿರುಕಿನ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಈ ರಚನೆಯಲ್ಲಿ ಶಾಫ್ಟೇ ಗಾಡಿಯ ತೂಕವನ್ನೂ ಹೊರುವುದರಿಂದ, ಅದು ಬೇರಿಂಗಿನ ಹೊರಗೆ ಮುರಿದರೆ ಗಾಲಿಯೂ ಬ್ರೇಕ್ ಡ್ರಮ್ಮೂ ಒಟ್ಟಿಗೆ ಕಳಚಿ ಹೋಗುತ್ತವೆ. ಆಗ ಬ್ರೇಕ್ ತುಳಿದರೆ ಶೂಗಳನ್ನು ತಡೆಯಲು ಡ್ರಮ್ ಇರುವುದಿಲ್ಲ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಹೊರಬಿದ್ದು ಎಣ್ಣೆ ಸೋರಿ, ಒಂದೇ ಸರ್ಕ್ಯೂಟಿನ ಹಳೆಯ ಮಾಸ್ಟರ್ ಸಿಲಿಂಡರ್ ಇರುವ ಜೀಪಿನಲ್ಲಿ ನಾಲ್ಕೂ ಗಾಲಿಗಳ ಬ್ರೇಕ್ ಹೋಗುತ್ತದೆ. ವರಂಧಾ ಅಥವಾ ತಾಮ್ಹಿಣಿ ಘಾಟಿನ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಪುಣೆಯವರಿಗೆ ಹೇಳಬೇಕಾಗಿಲ್ಲ. ಎರಡೂ ಬದಿಯ ಶಾಫ್ಟುಗಳಿಗೆ ಬಣ್ಣದ ದ್ರವದಿಂದ ಬಿರುಕು ಪತ್ತೆ ಮಾಡುವ ಡೈ ಪೆನಿಟ್ರಂಟ್ ಪರೀಕ್ಷೆ ಮಾಡಿಸುವವರೆಗೆ ಜೀಪನ್ನು ರಸ್ತೆಗೆ ಇಳಿಸಬೇಡಿ. ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದರೆ ಮಾಡಿಕೊಡುವವರು ಸಿಗುತ್ತಾರೆ.

ಇನ್ನು ಬಲದ ಲೆಕ್ಕ. ನಿಮ್ಮ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 155 ನ್ಯೂಟನ್ ಮೀಟರ್. ಮೊದಲ ಗೇರಿನ 2.8, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜಿನ 2.46 ಮತ್ತು ಆಕ್ಸಲಿನ 5.38 ಇವನ್ನು ಗುಣಿಸಿದರೆ 37 ಪಟ್ಟು. ಅಂದರೆ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ 5,700 ನ್ಯೂಟನ್ ಮೀಟರ್ ಸಿಗುತ್ತದೆ. ಆದರೆ ಅದಷ್ಟೂ ಶಾಫ್ಟಿಗೆ ತಾಗುವುದಿಲ್ಲ, ಏಕೆಂದರೆ ಅದಕ್ಕಿಂತ ಬಹಳ ಮುಂಚೆಯೇ ಟಯರ್ ಜಾರುತ್ತದೆ. ಒಂದು ಗಾಲಿಯ ಮೇಲೆ 400 ಕಿಲೋ ಭಾರ, ನೆಲದ ಹಿಡಿತ 0.8 ಎಂದಿಟ್ಟುಕೊಂಡರೆ, ಹಳೆಯ ಟಯರಿನಲ್ಲಿ ಶಾಫ್ಟಿನ ಮೇಲೆ ಬೀಳುವುದು ಸುಮಾರು 1,150, ನಿಮ್ಮ 31 ಇಂಚಿನದರಲ್ಲಿ ಸುಮಾರು 1,250 ನ್ಯೂಟನ್ ಮೀಟರ್. ಟಯರ್ ಬದಲಿಸಿದ್ದರಿಂದ ಹೊರೆ ಹೆಚ್ಚಿದೆ ಹೌದು, ಆದರೆ ಡಾನಾ 60 ಬೇಡುವಷ್ಟು ಹೆಚ್ಚಿಲ್ಲ. ಶಾಫ್ಟನ್ನು ನಿಜವಾಗಿ ಮುರಿಯುವುದು ಗಾಳಿಯಲ್ಲಿ ರಭಸವಾಗಿ ತಿರುಗುತ್ತಿದ್ದ ಗಾಲಿ ಥಟ್ಟನೆ ನೆಲ ಕಚ್ಚಿದಾಗ ಬೀಳುವ ಹೊಡೆತ, ಅಥವಾ ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್ ಹಾಕಿಸಿದ ಮೇಲೆ ಎಲ್ಲ ಬಲವೂ ಒಂದೇ ಗಾಲಿಗೆ ಹರಿಯುವ ಸಂದರ್ಭ.

ಆದ್ದರಿಂದ ಹೌಸಿಂಗನ್ನು ಉಳಿಸಿಕೊಂಡು, ಫ್ಲಾಂಜ್ (ಗಾಲಿ ಜೋಡಿಸುವ ಅಗಲ ತುದಿ) ಸಹಿತ ಒಂದೇ ತುಂಡಿನ ಶಾಫ್ಟುಗಳನ್ನು ಹಾಕಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಇನ್ನೂ ಉತ್ತಮವಾದದ್ದು ಫುಲ್ ಫ್ಲೋಟಿಂಗ್ ರಚನೆ: ಅದರಲ್ಲಿ ಹಬ್ ಎರಡು ಬೇರಿಂಗುಗಳ ಮೇಲೆ ಸ್ಪಿಂಡಲಿನಲ್ಲಿ (ಹೌಸಿಂಗಿನ ತುದಿಯ ಟೊಳ್ಳು ಕೊಳವೆ) ಕೂತು ತೂಕವನ್ನು ಹೊರುತ್ತದೆ, ಶಾಫ್ಟಿಗೆ ತಿರುಗಿಸುವ ಕೆಲಸವೊಂದೇ ಉಳಿಯುತ್ತದೆ, ಮುರಿದರೂ ಗಾಲಿ ಕಳಚುವುದಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಹೀಗೆಯೇ ಇತ್ತು. ಹಾಗಾಗಿ ಈ ಬದಲಾವಣೆ ಜೀಪಿನ ವಂಶಕ್ಕೆ ಹೊರತಾದದ್ದಲ್ಲ. ಶಾಫ್ಟನ್ನು ಇಲ್ಲಿಯೇ ಮಾಡಿಸುವುದಾದರೆ ಇಎನ್-24 ಉಕ್ಕನ್ನೇ ಕೇಳಿ, ಹದ ಕೊಟ್ಟದ್ದಕ್ಕೆ ಪರೀಕ್ಷಾ ವರದಿಯನ್ನೂ ಪಡೆಯಿರಿ. ಬರೀ ಗಡಸು ಮಾಡಿ, ಮತ್ತೆ ಕಾಯಿಸಿ ಹದಗೊಳಿಸದೆ ಬಿಟ್ಟ ಶಾಫ್ಟು ಹೊಡೆತಕ್ಕೆ ಸಿಡಿಯುತ್ತದೆ.

ಕೋಥ್ರೂಡ್ ಜೀಪು, ಪುಣೆ:

ವಿವರವಾಗಿ ಬರೆದಿದ್ದಕ್ಕೆ ಕೃತಜ್ಞತೆಗಳು. ಕ್ರೌನ್ ಮತ್ತು ಪಿನಿಯನ್ ಚೆನ್ನಾಗಿಯೇ ಇವೆ. ಆದರೂ ಒಂದು ಸಂದೇಹ ಉಳಿದಿದೆ: ಮುಂದೆ ಎಂದಾದರೂ ಡೀಸೆಲ್ ಎಂಜಿನ್ ಹಾಕಿಸಿದರೆ ದೊಡ್ಡ ಆಕ್ಸಲ್ ಬೇಕಾಗುವುದಿಲ್ಲವೇ?

ಕುರ್ಲಾ ಲೇತ್, ಮುಂಬಯಿ:

ಶಾಫ್ಟಿನ ಬಲ ವ್ಯಾಸದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 30 ಹಲ್ಲಿನ 1.31 ಇಂಚಿನ ಶಾಫ್ಟಿಗಿಂತ ಡಾನಾ 60ರ 35 ಹಲ್ಲಿನ 1.5 ಇಂಚಿನ ಶಾಫ್ಟು ಸುಮಾರು ಒಂದೂವರೆ ಪಟ್ಟು ಬಲವಾದದ್ದು ಎಂಬುದು ನಿಜ. ಅದಕ್ಕೆ ತೆರಬೇಕಾದ ಬೆಲೆಯನ್ನೂ ನೋಡಿ. ಕ್ರೌನ್ 8.5 ಇಂಚಿನಿಂದ 9.75 ಇಂಚಿಗೆ ಹೋಗುವುದರಿಂದ ಡಿಫರೆನ್ಷಿಯಲ್ ಗುಂಡು (ಆ ಗೇರುಗಳಿರುವ ಆಕ್ಸಲಿನ ಉಬ್ಬು) ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ; ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿ, ಹಗುರವಾದ ಈ ಜೀಪು ಕಲ್ಲುಹಾದಿಯಲ್ಲಿ ಕುಪ್ಪಳಿಸುತ್ತದೆ. ಡಾನಾ 18ರಿಂದ ಹಿಂದಕ್ಕೆ ಹೋಗುವ ಶಾಫ್ಟು ನಡುವಿನಲ್ಲಿಲ್ಲದೆ ಬಲಕ್ಕೆ ಸರಿದಿರುವುದರಿಂದ, ಮಧ್ಯದಲ್ಲಿ ಗುಂಡು ಇರುವ ಆಕ್ಸಲನ್ನು ತಂದರೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ನಿಂತು ಅದರ ಕ್ರಾಸುಗಳು (ತಿರುಗು ಕೀಲುಗಳು) ಬೇಗ ಸವೆಯುತ್ತವೆ.

ಗೇರ್ ಅನುಪಾತವಂತೂ ಹಿಂದೆ ಮುಂದೆ ಒಂದೇ ಆಗಿರಲೇಬೇಕು. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಎರಡು ಆಕ್ಸಲುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ, ಹಿಂದೆ 4.10, ಮುಂದೆ 5.38 ಇಟ್ಟು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲುಗಳೂ ಒಂದನ್ನೊಂದು ಜಗ್ಗಾಡಿ ಏನಾದರೊಂದು ಮುರಿಯುತ್ತದೆ. ಗುಜರಿಯಲ್ಲಿ ಸಿಕ್ಕ ಆಕ್ಸಲಿನ ಹಲ್ಲುಗಳನ್ನು ನೀವೇ ಎಣಿಸಿ: ಕ್ರೌನಿನಲ್ಲಿ 43, ಪಿನಿಯನ್ನಿನಲ್ಲಿ 8 ಇದ್ದರೆ ಅದು 5.38.

ವಾಸ್ಕೋ ಘಟ್ಟ, ಗೋವಾ:

ಮೇಲಿನವರ ಅಭಿಪ್ರಾಯವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ; ನೀರಿನ ವಿಷಯವನ್ನು ಮಾತ್ರ ಸೇರಿಸಬೇಕೆನಿಸಿತು. ಕುಳೆಯಿಂದ ದೂಧಸಾಗರಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳು ಹೊಳೆಯನ್ನು ದಾಟಿಯೇ ಹೋಗಬೇಕು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲಿಗೆ ಗಾಳಿಯಾಡಲು ಇರುವ ಬ್ರೀದರ್ ರಂಧ್ರ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ನೀರು ಬೆರೆತದ್ದರ ಗುರುತು, ಮತ್ತು ಅಂತಹ ಎಣ್ಣೆಯಲ್ಲಿ ಎಷ್ಟೇ ದಪ್ಪ ಆಕ್ಸಲಿನ ಬೇರಿಂಗೂ ಬಾಳುವುದಿಲ್ಲ. ಹೌಸಿಂಗನ್ನು ಹೇಗಿದ್ದರೂ ಬಿಚ್ಚುತ್ತೀರಿ. ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ ಮಟ್ಟದವರೆಗೆ ಏರಿಸಿಬಿಡಿ. ಮುಂದಿನ ಆಕ್ಸಲಿನ ಗಾಲಿ ಹೊರಳುವ ಕೀಲಿನ (ನಕಲ್) ಮುಚ್ಚಿದ ಗೋಳಗಳ ಸೀಲುಗಳನ್ನೂ ಆಗಲೇ ಬದಲಿಸಿದರೆ ಒಳ್ಳೆಯದು.

ಮಾಟುಂಗಾ ಕಾಗದಪತ್ರ, ಮುಂಬಯಿ:

ನೋಂದಣಿಯ ಪ್ರಶ್ನೆಗೆ ಉತ್ತರ ಬಾಕಿ ಉಳಿದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ಹೌಸಿಂಗಿನ ಒಳಗೆ ಶಾಫ್ಟು ಬದಲಿಸಿದರೆ ಪತ್ರದ ಯಾವ ವಿವರವೂ ಬದಲಾಗುವುದಿಲ್ಲ. ಡೀಸೆಲ್ ಎಂಜಿನ್ನಿನ ಮಾತು ಬೇರೆ. ಇಂಧನವೂ ಎಂಜಿನ್ ಸಂಖ್ಯೆಯೂ ಪತ್ರದಲ್ಲಿಯೇ ಇರುವುದರಿಂದ ಆರ್.ಟಿ.ಓ. ಅನುಮತಿಯಿಲ್ಲದೆ ಅದಕ್ಕೆ ಕೈ ಹಾಕಬೇಡಿ. 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ನಿಮ್ಮ ಜೀಪು ಈಗ ಆ ಅರ್ಹತೆಯನ್ನು ಉಳಿಸಿಕೊಂಡಿದೆ. ಆ ವರ್ಗದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವೆಂಬುದನ್ನೂ ಗಮನದಲ್ಲಿಟ್ಟುಕೊಂಡು ಅರ್ಜಿ ಹಾಕಿ.

ಕೋಥ್ರೂಡ್ ಜೀಪು, ಪುಣೆ:

ಡೀಸೆಲ್ ವಿಚಾರವನ್ನು ಕೈಬಿಟ್ಟಿದ್ದೇನೆ. ಹೌಸಿಂಗನ್ನು ಉಳಿಸಿಕೊಂಡು ಫುಲ್ ಫ್ಲೋಟಿಂಗ್ ಮಾಡಿಸುತ್ತೇನೆ. ಅದಕ್ಕೂ ಮೊದಲು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಕೂರಿಸುವ ವ್ಯವಸ್ಥೆ ಮಾಡುತ್ತಿದ್ದೇನೆ. ಈ ಜೀಪಿಗೆ ಹೊಂದುವ ಅಳತೆ ತಿಳಿದವರು ದಯವಿಟ್ಟು ಬರೆಯಿರಿ.