ಲೂಪಿನ ಫಲಿತಾಂಶ ಎಕ್ಸೆಲ್‌ಗೆ ಹಾಕುವಾಗ ಹಳೇ ಸಾಲು ಅಳಿಸಿ ಹೋಗದಂಗ ಮಾಡೋದು ಹೆಂಗ್ರಿ?

ಹಾವೇರಿಯಿಂದ ಪ್ರಶ್ನೆ:
ಬ್ಯಾಡಗಿ, ಹುಬ್ಬಳ್ಳಿ ಅಮರಗೋಳ, ಗದಗ, ಈ ಮೂರು ಎಪಿಎಂಸಿಗಳ ಒಣಮೆಣಸಿನಕಾಯಿ ದರಾನ ಪೈಥಾನ್ ಲೂಪಿನಾಗ ತಗೊಂಡು ಒಂದ ಎಕ್ಸೆಲ್ ಶೀಟಿಗೆ ಹಾಕಬೇಕಾಗೈತಿ. ಪಾಂಡಾಸ್‌ನ (ಪೈಥಾನಿನ್ಯಾಗ ಟೇಬಲ್ ಕೆಲಸ ಮಾಡೋ ಲೈಬ್ರರಿ) ‘ಟು_ಎಕ್ಸೆಲ್’ ಬಳಸೀನಿ. ಲೂಪ್ ಮುಗಿದ ಮ್ಯಾಲೆ ಗದಗಿನ ದರ ಅಷ್ಟ ಉಳಿದಿರ್ತೈತಿ. ಮರುದಿನ ಓಡಿಸಿದ್ರ ನಿನ್ನೇದೂ ಇರಂಗಿಲ್ಲ. ಅದೇ ಫೈಲಿನ್ಯಾಗ ಸರಾಸರಿ ಸೂತ್ರ ಅದಾವು, ಅವೂ ಉಳೀಬೇಕು. ಬಲ್ಲವರು ತಿಳಿಸ್ರಿ.

ಧಾರವಾಡ:
ಇಲ್ಲಿ ಎರಡು ತೊಂದರೆ ಅದಾವ್ರಿ, ಬ್ಯಾರೆ ಬ್ಯಾರೆ ಮಾಡಿ ನೋಡ್ರಿ. ‘ಟು_ಎಕ್ಸೆಲ್’ಗೆ ಫೈಲಿನ ಹೆಸರು ಕೊಟ್ಟು ಕರೆದಾಗೆಲ್ಲ ಅದು ಫೈಲನ್ನ ಹೊಸದಾಗಿ ಕಟ್ತದ. ಲೂಪಿನೊಳಗ ಮೂರು ಸಲ ಕರೆದ್ರ ಮೂರನೇದು ಅಷ್ಟ ಉಳೀತದ. ಅದಕ್ಕ ಲೂಪ್ ಶುರು ಆಗೋಕ್ಕಿಂತ ಮೊದಲ ಒಂದು ಖಾಲಿ ಲಿಸ್ಟ್ ಮಾಡ್ರಿ, ಪ್ರತಿ ಮಾರುಕಟ್ಟೆಯ ಟೇಬಲ್ ಅದರೊಳಗ ಸೇರಿಸ್ರಿ, ಲೂಪ್ ಮುಗಿದ ಮ್ಯಾಲೆ ‘ಕಾನ್‌ಕ್ಯಾಟ್’ನಿಂದ ಒಂದುಗೂಡಿಸಿ ಒಂದ ಸಲ ಬರೀರಿ. ಖಾಲಿ ಲಿಸ್ಟ್ ಮಾಡೋ ಸಾಲು ಲೂಪಿನ ಒಳಗ ಇಟ್ರ ಸುತ್ತು ಸುತ್ತಿಗೂ ಅದು ಬರಿದಾಗಿ ಮತ್ತ ಇದೇ ಗತಿ ಆಗ್ತದ. ಹಳೇ ಪಾಠಗಳಲ್ಲಿ ಡೇಟಾಫ್ರೇಮಿಗೇ (ಪಾಂಡಾಸ್ ಟೇಬಲ್ಲಿಗೇ) ‘ಅಪೆಂಡ್’ ಮಾಡೋದು ತೋರಿಸಿರ್ತಾರ. ಪಾಂಡಾಸ್ 2.0ರಿಂದ ಅದನ್ನ ತೆಗೆದುಬಿಟ್ಟಾರ.

ಹುಬ್ಬಳ್ಳಿ:
ಇನ್ನು ಎರಡನೇ ತೊಂದರೆ, ದಿನದಿಂದ ದಿನಕ್ಕೆ ಉಳಿಸೋ ಮಾತು. ಸೂತ್ರಗಳಿರುವ ಫೈಲ್ ಅಂದರೆ ನೇರವಾಗಿ ‘ಓಪನ್‌ಪೈಎಕ್ಸೆಲ್’ (ಎಕ್ಸೆಲ್ ಫೈಲ್ ಓದಿ ಬರೆಯುವ ಪೈಥಾನ್ ಲೈಬ್ರರಿ) ಬಳಸಿ ಅಂತಲೇ ನನ್ನ ಸಲಹೆ. ‘ಲೋಡ್_ವರ್ಕ್‌ಬುಕ್’ನಿಂದ ಇರುವ ಫೈಲ್ ತೆರೆಯಿರಿ, ಶೀಟನ್ನು ಹೆಸರಿಟ್ಟು ಕರೆಯಿರಿ, ಲೂಪಿನಲ್ಲಿ ‘ಅಪೆಂಡ್’ನಿಂದ ಒಂದೊಂದು ಸಾಲು ಸೇರಿಸಿ, ಕೊನೆಗೆ ಒಮ್ಮೆ ‘ಸೇವ್’ ಮಾಡಿ. ‘ಆ್ಯಕ್ಟಿವ್’ ಶೀಟ್ ನಂಬಬೇಡಿ. ಎಕ್ಸೆಲ್‌ನಲ್ಲಿ ಕೊನೆಗೆ ಸೇವ್ ಮಾಡಿದಾಗ ಯಾವ ಶೀಟ್ ಎದುರಿಗಿತ್ತೋ ಅದೇ ಸಿಗುತ್ತದೆ, ಹಾಗಾಗಿ ದರ ಹೋಗಿ ಸರಾಸರಿ ಶೀಟಿನಲ್ಲಿ ಕೂರಬಹುದು. ‘ವರ್ಕ್‌ಬುಕ್’ ಅಂತ ಹೊಸದು ಮಾಡಿ ಅದೇ ಹೆಸರಿಗೆ ಸೇವ್ ಮಾಡಿದರೆ ಒಂದು ಮಾತೂ ಕೇಳದೆ ಹಳೆಯದನ್ನು ಅಳಿಸುತ್ತದೆ. ತೆರೆಯುವಾಗ ‘ಡೇಟಾ_ಓನ್ಲಿ’ ಹಾಕಬೇಡಿ. ಹಾಗೆ ತೆರೆದು ಸೇವ್ ಮಾಡಿದರೆ ಸೂತ್ರ ಹೋಗಿ ಬರೀ ಅಂಕಿ ಉಳಿಯುತ್ತದೆ.

ಪಾಂಡಾಸ್‌ನಲ್ಲೇ ಮಾಡಬೇಕೆಂದರೆ ‘ಎಕ್ಸೆಲ್‌ರೈಟರ್’ಗೆ ಮೋಡ್ ‘ಎ’ (ಇರುವುದಕ್ಕೆ ಸೇರಿಸು), ‘ಇಫ್_ಶೀಟ್_ಎಕ್ಸಿಸ್ಟ್ಸ್’ಗೆ ‘ಓವರ್‌ಲೇ’ (ಇರುವ ಶೀಟಿನಲ್ಲೇ ಬರೆ) ಕೊಡಿ. ಪಾಂಡಾಸ್ 1.4 ಅಥವಾ ಅದಕ್ಕಿಂತ ಹೊಸದು ಬೇಕು. ‘ರಿಪ್ಲೇಸ್’ ಕೊಟ್ಟರೆ ಶೀಟೇ ಹೋಗುತ್ತದೆ. ಓವರ್‌ಲೇ ಜೊತೆ ‘ಸ್ಟಾರ್ಟ್‌ರೋ’ (ಯಾವ ಸಾಲಿನಿಂದ ಬರೆಯಬೇಕು ಎಂಬುದು) ಕೊಡದಿದ್ದರೆ ಮೊದಲ ಸಾಲಿನಿಂದಲೇ ಹಳೆಯದರ ಮೇಲೆ ಬರೆಯುತ್ತದೆ. ಬಹಳ ಜನ ಎಡವುವುದು ಇಲ್ಲೇ. ಸ್ಟಾರ್ಟ್‌ರೋ ಎಣಿಕೆ ಸೊನ್ನೆಯಿಂದ, ‘ಮ್ಯಾಕ್ಸ್_ರೋ’ (ಓಪನ್‌ಪೈಎಕ್ಸೆಲ್ ಹೇಳುವ ಶೀಟಿನ ಕೊನೆಯ ಸಾಲು) ಎಣಿಕೆ ಒಂದರಿಂದ. ಆದ್ದರಿಂದ ಮ್ಯಾಕ್ಸ್_ರೋ ಅಂಕಿಯನ್ನು ಇದ್ದಂತೆಯೇ ಕೊಡಬೇಕು. ಒಂದು ಕೂಡಿಸಿದರೆ ನಡುವೆ ಖಾಲಿ ಸಾಲು ಬೀಳುತ್ತದೆ. ‘ಹೆಡರ್’ (ಕಾಲಮ್ ಹೆಸರಿನ ಸಾಲು), ‘ಇಂಡೆಕ್ಸ್’ (ಸಾಲಿನ ಸಂಖ್ಯೆ) ಎರಡನ್ನೂ ‘ಫಾಲ್ಸ್’ ಮಾಡಿ.

ಗದಗ:
ಮ್ಯಾಕ್ಸ್_ರೋ ಬಗ್ಗೆ ಎಚ್ಚರ ಇರ್ಲಿರಿ. ಚಂದ ಕಾಣ್ಲಿ ಅಂತ 1000 ಸಾಲಿನ ತನಕ ಬಾರ್ಡರ್ ಎಳದಿದ್ರ, ಒಳಗ ಏನೂ ಇಲ್ಲದಿದ್ರೂ ಅವೂ ಲೆಕ್ಕಕ್ಕ ಬರ್ತಾವು, ಅಪೆಂಡ್ ಹೋಗಿ 1001ನೇ ಸಾಲಿನ್ಯಾಗ ಬರೀತೈತಿ. ‘ದರ ಬರಲೇ ಇಲ್ಲ’ ಅಂತ ಹುಡುಕೋದು ಇದರಿಂದನ. ಪರಿಹಾರ ಇಷ್ಟ: ಮ್ಯಾಕ್ಸ್_ರೋದಿಂದ ಮ್ಯಾಲಕ್ಕ ಬರ್ಕೋತ ‘ಎ’ ಕಾಲಮ್ ಖಾಲಿ ಇರೋ ತನಕ ಒಂದೊಂದು ಕಳೀರಿ, ನಿಂತಲ್ಲಿಂದ ಮುಂದಿನ ಸಾಲಿಗೆ ‘ಸೆಲ್’ ಬಳಸಿ ಬರೀರಿ. ಇನ್ನ ಸರಾಸರಿ ಸೂತ್ರ ದರದ ಕಾಲಮಿನ ತಳದಾಗ ಇಡಬ್ಯಾಡ್ರಿ. ಹೊಸ ಸಾಲು ಅದರ ಕೆಳಗ ಬಿದ್ದು ಲೆಕ್ಕದಿಂದ ಹೊರಗ ಉಳೀತಾವು. ಬ್ಯಾರೆ ಶೀಟಿನ್ಯಾಗ ಇಡೀ ಕಾಲಮಿಗೆ ‘ಆ್ಯವರೇಜ್‌ಇಫ್ಸ್’ (ಷರತ್ತಿಗೆ ಹೊಂದೋ ಸಾಲುಗಳ ಸರಾಸರಿ) ಹಾಕಿದ್ರ ಸಾಲು ಎಷ್ಟ ಬೆಳೆದ್ರೂ ನಡೀತೈತಿ.

ಬ್ಯಾಡಗಿ:
ಅಳಿಸಿ ಹೋಗೋದು ನಿಂತ ಮ್ಯಾಲೆ ಎರಡೆರಡು ಸಲ ಬರೋದು ಶುರು ಆಗ್ತೈತಿ, ಅದನ್ನೂ ಈಗಲೇ ಕಟ್ಟಿ ಹಾಕ್ರಿ. ಒಂದ ದಿನದಾಗ ಪ್ರೋಗ್ರಾಂ ಎರಡು ಸಲ ಓಡಿದ್ರ ಸಾಲೂ ಎರಡು. ದಿನಾಂಕ, ಮಾರುಕಟ್ಟೆ, ತಳಿ, ಈ ಮೂರೂ ಕೂಡಿದ್ದ ಒಂದು ಸಾಲಿನ ಗುರುತು. ಮೊದಲ ಇರೋ ಗುರುತೆಲ್ಲ ಒಂದು ‘ಸೆಟ್’ನ್ಯಾಗ (ಒಂದ ಬೆಲೆ ಎರಡು ಸಲ ಇರದ ಪೈಥಾನ್ ಪಟ್ಟಿ) ಓದಿಕೊಂಡು, ಅದರಾಗ ಇಲ್ಲದ್ದನ್ನ ಅಷ್ಟ ಬರೀರಿ. ತಳಿ ಬಿಡಬ್ಯಾಡ್ರಿ. ಕಡ್ಡಿ, ಡಬ್ಬಿ, ಗುಂಟೂರು ದರ ಭಾಳ ದೂರ ದೂರ ಇರ್ತಾವು, ಕಲಸಿದ್ರ ಸರಾಸರಿಗೆ ಅರ್ಥ ಇರಂಗಿಲ್ಲ. ಇಲ್ಲಿ ವ್ಯಾಪಾರ ದಿನಾ ಇರಂಗಿಲ್ಲ, ಸೋಮವಾರ, ಗುರುವಾರ ಮುಖ್ಯ. ಹಂಗಾಗಿ ‘ಇವತ್ತು’ ಅನ್ನೋ ದಿನಾಂಕ ಹಾಕದ, ದರದ ಜೋಡಿ ಬಂದಿರೋ ವಹಿವಾಟಿನ ದಿನಾಂಕಾನ ಹಾಕ್ರಿ. ಇಲ್ಲಾಂದ್ರ ಗುರುವಾರದ ದರಾನ ಶುಕ್ರವಾರ, ಶನಿವಾರದ ಹೆಸರಿನ್ಯಾಗೂ ಬಂದು ಕುಂದರ್ತೈತಿ.

ಧಾರವಾಡ:
ಅದಕ್ಕ ಒಂದು ಸೇರಿಸ್ತೀನಿ. ಓಪನ್‌ಪೈಎಕ್ಸೆಲ್ ದಿನಾಂಕಾನ ‘ಡೇಟ್‌ಟೈಮ್’ (ದಿನಾಂಕದ ಜೋಡಿ ವ್ಯಾಳ್ಯಾನೂ ಇರೋದು) ಆಗಿ ಓದ್ತದ. ನಿಮ್ಮ ಕಡೆ ಬರೀ ‘ಡೇಟ್’ ಇದ್ರ ಪೈಥಾನ್ ಎರಡನ್ನೂ ಸಮ ಅನ್ನಂಗಿಲ್ಲ, ಸೆಟ್ ತಪಾಸಣೆ ಸುಮ್ಮನ ವ್ಯರ್ಥ ಆಗ್ತದ. ಓದಿದ್ದಕ್ಕ ‘.ಡೇಟ್()’ ಹಚ್ಚಿ ಆಮೇಲೆ ಹೋಲಿಸ್ರಿ.

ಹುಬ್ಬಳ್ಳಿ:
ಫೈಲ್ ಎಕ್ಸೆಲ್‌ನಲ್ಲಿ ತೆರೆದಿದ್ದರೆ ವಿಂಡೋಸ್‌ನಲ್ಲಿ ಸೇವ್ ಆಗುವುದಿಲ್ಲ, ‘ಪರ್ಮಿಷನ್‌ಎರರ್’, ಸಂಖ್ಯೆ 13 ಬರುತ್ತದೆ. ತಂದ ದರ ಆಗ ಕೈತಪ್ಪಬಾರದು. ಅದಕ್ಕೆ ಲೂಪಿನೊಳಗೆ ಪ್ರತಿ ಸಾಲನ್ನೂ ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಫೈಲಿಗೆ ‘ಎ’ ಮೋಡ್‌ನಲ್ಲಿ ಬರೆದುಬಿಡಿ, ಎಕ್ಸೆಲ್‌ಗೆ ಕೊನೆಯಲ್ಲಿ ಹಾಕಿದರಾಯಿತು. ಸಿಎಸ್‌ವಿ ತೆರೆಯುವಾಗ ‘ನ್ಯೂಲೈನ್’ಗೆ ಖಾಲಿ ಉದ್ಧರಣೆ ಚಿಹ್ನೆ ಕೊಡದಿದ್ದರೆ ವಿಂಡೋಸ್‌ನಲ್ಲಿ ಸಾಲು ಬಿಟ್ಟು ಸಾಲು ಖಾಲಿ ಬರುತ್ತದೆ. ಮಾರುಕಟ್ಟೆ ಹೆಸರು ಕನ್ನಡದಲ್ಲಿದ್ದರೆ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಇರಲಿ, ಆಗ ಎಕ್ಸೆಲ್‌ನಲ್ಲಿ ಅಕ್ಷರ ಸರಿಯಾಗಿ ಕಾಣುತ್ತದೆ.