ಸಹಾಯ ಬೇಕು: ಎಂಟನೇ ಕ್ಲಾಸಿನ ವಿಜ್ಞಾನ ಹೇಳಿಕೊಡುವವರು

ನಮಸ್ಕಾರ. ನಾವು ಮಂಗಳೂರಿನ ಕದ್ರಿಯಲ್ಲಿದ್ದೇವೆ. ಮಗಳು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈ ವರ್ಷ ಪ್ರವೇಶ ಪರೀಕ್ಷೆ ಬರೆದು ಇಲ್ಲಿನ ಒಂದು ಸಿಬಿಎಸ್‌ಇ ಶಾಲೆಗೆ ಸೇರಿದ್ದಾಳೆ. ಗಣಿತಕ್ಕೆ ತೊಂದರೆ ಇಲ್ಲ, ವಿಜ್ಞಾನವೇ ಕಷ್ಟ. ಘರ್ಷಣೆ ಅಂದ್ರೆ ಉದಾಹರಣೆ ಕೊಟ್ಟು ವಿವರಿಸುತ್ತಾಳೆ. ಫ್ರಿಕ್ಷನ್ ಅಂದ ಕೂಡಲೇ ಸುಮ್ಮನಾಗುತ್ತಾಳೆ. ನಿನ್ನೆ ಅವಳ ಪುಸ್ತಕ ತೆರೆದೆ. ಇಂಗ್ಲಿಷ್ ಪದಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡ ಪದ ಬರೆದಿದ್ದಾಳೆ. ಕರುಳು ಚುರುಕ್ ಅಂತು.

ಎರಡೂ ಭಾಷೆಯಲ್ಲಿ ಹೇಳಿಕೊಡುವ ಟೀಚರ್ ಯಾರಾದರೂ ಗೊತ್ತಾ? ನಿವೃತ್ತರಾದರೂ ಸರಿ. ವಾರಕ್ಕೆರಡು ದಿನ ಸಾಕು. ಸ್ಕೂಲ್ ಬಸ್ಸು ಬರುವುದು ಐದೂವರೆಗೆ, ಆಮೇಲೆ ಆಗಬೇಕು. ಫೀಸು ಕೊಡುತ್ತೇವೆ. ಎನ್‌ಸಿಇಆರ್‌ಟಿ ಪುಸ್ತಕ ಇದೆ. ರಾಜ್ಯ ಪಠ್ಯದ ಎಂಟನೇ ಕ್ಲಾಸಿನ ಕನ್ನಡ ವಿಜ್ಞಾನ ಪುಸ್ತಕ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ತಗೊಳ್ಳುತ್ತೇನೆ.