ಮೈನಸ್ 20ರಲ್ಲಿ ಗಾಳ ಹಾಕೋಕೆ ಯಾವ ಗ್ಲೌಸ್?

ಹಿನ್ನೀರಿನವ (ಮಿನಿಯಾಪೊಲಿಸ್)

ಸಾಗರದ ಕಡೆಯವನು ನಾನು. ಲಿಂಗನಮಕ್ಕಿ ಹಿನ್ನೀರಲ್ಲಿ ಎರೆಹುಳ ಸಿಗಿಸಿ ಗಾಳ ಹಾಕಿ ಬೆಳೆದವನು. ಇಲ್ಲಿಗೆ ಬಂದು ಎರಡು ವರ್ಷ. ಹೋದ ಜನವರಿ ಆಫೀಸಿನ ಗೆಳೆಯರು ಮಿಲ್ ಲ್ಯಾಕ್ಸ್ ಕೆರೆಗೆ ಕರ್ಕೊಂಡು ಹೋದ್ರು. ಕೆರೆ ಅಂದ್ರೆ ಕೆರೆ ಅಲ್ಲ, ಹೆಪ್ಪುಗಟ್ಟಿದ ಮೈದಾನ. ಬೈರಿಗೆಯಂಥ ಯಂತ್ರದಲ್ಲಿ ಐಸ್ ಕೊರೆದು, ಆ ತೂತಿನ ಮುಂದೆ ಬಕೆಟ್ ಬೋರಲು ಹಾಕ್ಕೊಂಡು ಕೂರೋದು. ಮೈನಸ್ 20 ಇತ್ತು.

ದಪ್ಪನೆಯ ಸ್ಕೀ ಗ್ಲೌಸ್ ಹಾಕ್ಕೊಂಡು ಹೋಗಿದ್ದೆ. ಅದರಲ್ಲಿ ದಾರ ಗಂಟು ಹಾಕೋಕೆ ಆಗಲಿಲ್ಲ, ನೀರಿನ ಬಕೆಟ್‌ನಿಂದ ಗಾಳಕ್ಕೆ ಸಿಗಿಸೋ ಮಿನ್ನೋ ಮೀನಿನ ಮರಿ ಹಿಡಿಯೋಕೂ ಆಗಲಿಲ್ಲ. ಬಿಚ್ಚಿದೆ, ಕೈ ಅದ್ದಿದೆ, ಒರೆಸದೆ ಮತ್ತೆ ಹಾಕ್ಕೊಂಡೆ. ನಾಲ್ಕೈದು ಸಲ ಹಿಂಗೇ ಆದ್ಮೇಲೆ ನೋಡಿದ್ರೆ ಎರಡು ಬೆರಳ ತುದಿ ಬೆಳ್ಳಗೆ. ಕಾರಿಗೆ ಓಡಿ ಹೀಟರ್ ಬಾಯಿಗೆ ಕೈ ಹಿಡಿದೆ. ಜೀವ ಬರೋವಾಗ ಆದ ಉರಿ ಇದೆಯಲ್ಲ, ಅಪ್ಪಾ!

ಈ ಸಲ ಸರಿಯಾದದ್ದು ತಗೋಬೇಕು. ಬೆಚ್ಚಗಿರಬೇಕು, ನೀರು ಹೋಗಬಾರದು, ಗಂಟು ಹಾಕೋಕೂ ಬರಬೇಕು. 60 ಡಾಲರ್ ಒಳಗೆ ಅಂಥ ಒಂದು ಜೊತೆ ಯಾವುದು?

ಕ್ಯಾಲ್ಗರಿ ಗೌಡ

ಬ್ಯಾಟರಿ ಗ್ಲೌಸ್ ತಗೊಂಡ್ಬಿಡಿ ಗುರೂ. ಬಟನ್ ಒತ್ತಿದ್ರೆ ಬಿಸಿ. ಬಜೆಟ್ ದಾಟುತ್ತೆ, ಆದ್ರೆ ಬೆರಳಿಗಿಂತ ದುಡ್ಡು ದೊಡ್ಡದಾ? ನಾನು ಚಳಿಗಾಲ ಪೂರ್ತಿ ನಾಯಿ ವಾಕಿಂಗ್ ಮಾಡ್ಸೋದು ಅದರಲ್ಲೇ. ಮೀನು ಹಿಡಿದಿಲ್ಲ ಅನ್ನೋದು ಬೇರೆ ಮಾತು.

ಮಲ್ಪೆಯವಳು (ಡುಲೂತ್)

ಗೌಡ್ರೆ, ಅದು ನಾಯಿಗೆ ಸರಿ. ಮೀನಿಗಲ್ಲ.

ಹಿನ್ನೀರಿನವರೆ, ನಿಮ್ಮ ಗ್ಲೌಸ್ ತೆಳು ಆಗಿ ಚಳಿ ಆದದ್ದಲ್ಲ ಮಾರಾಯ್ರೆ, ಒದ್ದೆ ಆಗಿ ಆದದ್ದು. ಎಲ್ಲ ಕೆಲಸಕ್ಕೂ ಆಗುವ ಒಂದು ಜೊತೆ ನಾನೂ ಮೂರು ಚಳಿಗಾಲ ಹುಡುಕಿದೆ. ಅದೇ 60 ಡಾಲರಿಗೆ ಎರಡು ಜೊತೆ ತಗೊಳ್ಳಿ. ಒಂದು ಒದ್ದೆ ಆಗ್ಲಿಕ್ಕೆ, ಒಂದು ಯಾವತ್ತೂ ಒದ್ದೆ ಆಗದೆ ಇರ್ಲಿಕ್ಕೆ.

ನೀರಿಗೆ ಕೈ ಹಾಕುವಾಗ, ಮೀನು ಬಿಡಿಸುವಾಗ ನಿಯೋಪ್ರೀನ್. ಮುಳುಗುವವರ ಸೂಟ್ ಮಾಡ್ತಾರಲ್ಲ, ಅದೇ ರಬ್ಬರ್. ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಉಂಟು, ಬಿಸಿ ಹಿಡಿಯುವುದು ಅದೇ. ಅದರಲ್ಲಿ ಗಂಟು ಅಷ್ಟು ಚಂದ ಬರುವುದಿಲ್ಲ, ಗಂಟಿಗೆ ಬೇರೆ ದಾರಿ ಉಂಟು. ಹಿಂದಿನ ರಾತ್ರಿ ಮನೆಯಲ್ಲೇ ನಾಲ್ಕೈದು ಗಾಳ ಕಟ್ಟಿಟ್ಟು, ಕೆರೆಯಲ್ಲಿ ಸಿಗಿಸಿದ್ರೆ ಆಯ್ತು. ಬ್ರೇಡ್ ದಾರ, ಅಂದ್ರೆ ಎಳೆ ಎಳೆ ಸೇರಿಸಿ ಹೆಣೆದದ್ದು, ಹಾಕಿದ್ರೆ ತೆಗೀರಿ. ಅದು ನೀರು ಕುಡಿದು ಮೇಲೆ ಬಂದು ಹೆಪ್ಪುಗಟ್ತದೆ, ಎಳೆದಷ್ಟೂ ಕೈ ಒದ್ದೆ. ಒಂದೇ ಎಳೆಯ ಮೋನೋ ದಾರದಲ್ಲಿ ಆ ರಗಳೆ ಕಮ್ಮಿ.

ಸುಮ್ಮನೆ ಕೂತಿರುವಾಗ ಮಿಟನ್. ಬೆರಳೆಲ್ಲ ಒಂದೇ ಚೀಲದಲ್ಲಿ ಇದ್ರೆ ಒಂದಕ್ಕೊಂದು ಬಿಸಿ ಕೊಡ್ತವೆ. ಒಂದು ಸೈಜ್ ದೊಡ್ಡದೇ ತಗೊಳ್ಳಿ. ಬಿಗಿ ಆದ್ರೆ ಒಳಗೆ ಗಾಳಿ ನಿಲ್ಲುವುದಿಲ್ಲ, ರಕ್ತವೂ ಸರಿಯಾಗಿ ಓಡುವುದಿಲ್ಲ, ಎಷ್ಟು ದಪ್ಪ ಇದ್ದೂ ಪ್ರಯೋಜನ ಇಲ್ಲ. ಮಣಿಕಟ್ಟು ಮುಚ್ಚಬೇಕು. ಒಂದು ಜೊತೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಟವೆಲಲ್ಲಿ ಕೈ ಒರೆಸಬೇಕು, ಬೆರಳ ಸಂದಿ ಸಹ. ನೀವು ತಪ್ಪಿದ್ದು ಅಲ್ಲಿಯೇ.

ನಮ್ಮಮ್ಮ ಮಲ್ಪೆ ಬಂದರಲ್ಲಿ ಮೀನು ಮಾರ್ತಿದ್ರು. ಏಪ್ರಿಲ್ ಸೆಕೆಗೆ ಮೈಯೆಲ್ಲ ಬೆವರು, ಕೈ ಮಾತ್ರ ಐಸ್ ಪೆಟ್ಟಿಗೆ ಒಳಗೆ. ಬಂಗುಡೆ ಹೆಕ್ಕಿ ಹೆಕ್ಕಿ ಬೆರಳು ಜೋಮು ಹಿಡಿದ್ರೆ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ಗಿರಾಕಿ ಹತ್ರ ಗಲ್ಲದಲ್ಲೇ ಮೀನು ತೋರಿಸಿ ರೇಟ್ ಹೇಳ್ತಿದ್ರು. ಇಲ್ಲಿಗೆ ಬಂದು 14 ವರ್ಷ ಆಯ್ತು, ಬೆರಳು ಬೆಳ್ಳಗಾದ್ರೆ ನಾನು ಮಾಡುವುದೂ ಅದನ್ನೇ, ಕೈ ಕಂಕುಳಿಗೆ. ನೀವು ಹೀಟರಿಗೆ ಹಿಡಿದದ್ದು ತಪ್ಪು. ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ತಿಕ್ಕಬಾರದು. ಮನೆ ಹತ್ರ ಇದ್ರೆ ಸ್ನಾನದ ನೀರಿನಷ್ಟು ಬೆಚ್ಚಗಿನ ನೀರು, 37ರಿಂದ 39 ಡಿಗ್ರಿ ಸಾಕು. ಆಮೇಲೂ ಬಣ್ಣ ಬರದಿದ್ರೆ, ಗುಳ್ಳೆ ಎದ್ರೆ, ಡಾಕ್ಟರ ಹತ್ರ ಹೋಗಿ.

ಹಿನ್ನೀರಿನವ

ಅಕ್ಕ, ಗಲ್ಲದಲ್ಲಿ ರೇಟ್ ಹೇಳೋದನ್ನ ಓದಿ ಆಫೀಸಲ್ಲೇ ನಕ್ಕುಬಿಟ್ಟೆ. ಇನ್ನೆರಡು ಪ್ರಶ್ನೆ. ಒಳಗೆ ಹತ್ತಿ ಗ್ಲೌಸ್ ಹಾಕ್ಕೋಬಹುದಾ? ಅಂಗಡಿಯಲ್ಲಿ ಸಿಗೋ ಬಿಸಿ ಪೊಟ್ಟಣ ಕೆಲಸಕ್ಕೆ ಬರುತ್ತಾ? ಹೋದ ಸಲ ನಿಯೋಪ್ರೀನ್ ಹಾಕ್ಕೊಂಡಿದ್ದ ಗೆಳೆಯನೊಬ್ಬ ಅದರೊಳಗೇ ತುರುಕಿದ್ದ, ಬಿಸಿನೇ ಆಗಲಿಲ್ಲ ಅಂದ.

ಮಲ್ಪೆಯವಳು (ಡುಲೂತ್)

ಹತ್ತಿ ಬೇಡವೇ ಬೇಡ, ಬೆವರು ಕುಡಿದು ತಣ್ಣಗೆ ಕೂರ್ತದೆ. ತೆಳು ಉಣ್ಣೆ ಹಾಕಿ. ಉಣ್ಣೆ ಒದ್ದೆ ಆದ್ರೂ ಪೂರ್ತಿ ಕೈ ಬಿಡುವುದಿಲ್ಲ. ಇಲ್ಲಿಯ ಪೂರ್ವ ಕರಾವಳಿಯ ಮೇನ್ ರಾಜ್ಯದ ಕಡೆಯ ಹಳೇ ಮೀನುಗಾರರು ಉಣ್ಣೆ ಮಿಟನ್‌ಗಳನ್ನು ಬೇಕಂತಲೇ ದೊಡ್ಡದಾಗಿ ಹೆಣೆಸಿ, ನೀರಲ್ಲಿ ಅದ್ದಿ ಕುಗ್ಗಿಸಿ ದಟ್ಟ ಮಾಡಿ, ಒದ್ದೆಯಾಗಿಯೇ ಹಾಕಿಕೊಳ್ತಿದ್ರು.

ಪೊಟ್ಟಣದಲ್ಲಿ ಇರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ಸೋಕಿದ್ರೆ ಕಬ್ಬಿಣ ತುಕ್ಕು ಹಿಡೀತದೆ, ಬಿಸಿ ಬರುವುದು ಅದರಿಂದ. ಬಿಗಿ ರಬ್ಬರ್ ಒಳಗೆ ತುರುಕಿದ್ರೆ ಗಾಳಿ ಎಲ್ಲಿಂದ ಬರಬೇಕು? ಮಿಟನ್ ಒಳಗೆ ಹಾಕಿ, ಬರೀ ಚರ್ಮಕ್ಕೆ ತಾಗಿಸಬೇಡಿ.

ತೀರ್ಥಹಳ್ಳಿ ಟು ಫಾರ್ಗೊ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಗ್ಲೌಸ್ ಒಣಗಿಸೋಕೆ ಅಂತ ಐಸ್ ಮೇಲೆ ಹಾಕೋ ಟೆಂಟ್ ಪೂರ್ತಿ ಮುಚ್ಚಿ ಗ್ಯಾಸ್ ಹೀಟರ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನನಗೆ ಒಮ್ಮೆ ತಲೆನೋವು ಶುರುವಾಗಿ, ಕಾಫಿ ಕುಡಿದಿಲ್ಲ ಅದಕ್ಕೆ ಅಂದ್ಕೊಂಡೆ. ಗಾಳಿಕಿಂಡಿ ತೆರೆದಿರಲಿ, ಅಲಾರಂ ಒಂದು ಇಟ್ಕೊಳ್ಳಿ. ಮತ್ತೆ, ಐಸ್ 4 ಇಂಚು ಗಟ್ಟಿ ಆಗೋವರೆಗೆ ಕಾಲಿಡಬೇಡಿ, ಗ್ಲೌಸ್ ಎಷ್ಟೇ ಚೆನ್ನಾಗಿರಲಿ.

ಹಿನ್ನೀರಿನವ

ಮೂರು ವಾರ ಬಿಟ್ಟು ಬರೀತಿದ್ದೀನಿ. ನಿಯೋಪ್ರೀನ್ ಒಂದು, ಒಂದು ಸೈಜ್ ದೊಡ್ಡ ಮಿಟನ್ ಒಂದು, ಅಡುಗೆಮನೆಯಿಂದ ಕದ್ದ ಟವೆಲ್ ಎರಡು. ಮೈನಸ್ 17ರಲ್ಲಿ ಐದು ಗಂಟೆ ಕೂತೆ, ಬೆರಳು ಹತ್ತೂ ಕೆಂಪಗೇ ಇತ್ತು. ಸಿಕ್ಕಿದ್ದು ಅಂಗೈ ಉದ್ದದ ಪರ್ಚ್ ಎರಡು. ಎರಡನೇದನ್ನ ಬಿಡಿಸ್ತಾ ಇದ್ದಾಗ ಗಾಳಿ ಬೀಸಿ ಐಸ್ ಮೇಲಿಟ್ಟಿದ್ದ ಎಡಗೈ ಮಿಟನ್ ಹಾರಿಹೋಯ್ತು. ಜಾರ್ತಾ ಜಾರ್ತಾ ಅದರ ಹಿಂದೆ ಓಡಿದ್ದೇ ಆ ದಿನದ ದೊಡ್ಡ ಬೇಟೆ.

ಮಲ್ಪೆಯವಳು (ಡುಲೂತ್)

ಅಯ್ಯೋ, ಹೇಳ್ಲಿಕ್ಕೆ ಮರೆತದ್ದು ಅದೊಂದೇ. ಶಾಲೆ ಮಕ್ಕಳಿಗೆ ಕಟ್ತಾರಲ್ಲ, ಹಾಗೆ ಎರಡು ಮಿಟನಿಗೂ ದಾರ ಕಟ್ಟಿ ಜಾಕೆಟಿನ ತೋಳೊಳಗಿಂದ ತನ್ನಿ. ನಂದು ಹಳದಿ ಉಲ್ಲನ್ ದಾರ. ಯಾರು ನಗಾಡಿದ್ರೂ ನಾನು ಬಿಚ್ಚುವುದಿಲ್ಲ.